ಹೊತ್ತು ಮೀರಿದ ಮೇವು: ಅನ್ನಪಾನನಿರೋಧವೆಂಬ ಅತಿಚಾರದ ವಿಚಾರ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ವ್ರತವನ್ನು ಪೂರ್ತಿ ಮುರಿಯದೆಯೂ ಅದಕ್ಕೆ ಕಳಂಕ ತಂದುಕೊಳ್ಳಬಹುದಾದ ಐದು ಬಗೆಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅಳತೆ ಮೀರಿದ ಭಾರ ಹೊರಿಸುವುದು, ಆಹಾರ ನೀರುಗಳನ್ನು ತಡೆಯುವುದು ಇವೇ ಆ ಐದು ಅತಿಚಾರಗಳು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವು ಅಲ್ಪಸ್ವಲ್ಪ ಶಬ್ದಭೇದದಿಂದ ಬರುತ್ತವೆ. ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಇವು ಬೇಟೆಗಾರನ ದೋಷಗಳಲ್ಲ, ಕಟುಕನ ದೋಷಗಳೂ ಅಲ್ಲ. ಕೈಯಲ್ಲಿ ಹಗ್ಗ ಹಿಡಿದಿರುವ, ಮನೆಯಲ್ಲಿ ಕೊಟ್ಟಿಗೆಯುಳ್ಳ, ಪ್ರಾಣಿಯನ್ನು ಸಾಕುತ್ತಿರುವ ಗೃಹಸ್ಥನ ದೋಷಗಳು. ಕೊಲ್ಲುವುದನ್ನು ಬಿಟ್ಟವನ ಲೆಕ್ಕವು ಅಲ್ಲಿಗೆ ಮುಗಿಯಲಿಲ್ಲವೆಂದು ಆಚಾರ್ಯರು ತಿಳಿದಿದ್ದರು.

ಈ ಐದರಲ್ಲಿ ಕಡೆಯದಾದ ಅನ್ನಪಾನನಿರೋಧವನ್ನು ಕುರಿತು ಸಾಮಾನ್ಯವಾಗಿ ಯಾರೂ ಹೆಚ್ಚು ಯೋಚಿಸುವುದಿಲ್ಲ. ಪ್ರಾಣಿಗೆ ಬೇಕೆಂದೇ ಉಪವಾಸ ಕೆಡಹುವವರು ಶ್ರಾವಕರಲ್ಲಿ ಯಾರಿದ್ದಾರೆ ಎಂಬ ಸಮಾಧಾನವು ಮನಸ್ಸಿನಲ್ಲಿರುತ್ತದೆ. ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದಕ್ಕೆ ಕೊಟ್ಟ ಅರ್ಥವು ಆ ಸಮಾಧಾನವನ್ನು ಕದಡುವಂಥದು. ಹಸು ಮೊದಲಾದ ಪ್ರಾಣಿಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯುಂಟಾಗುವಂತೆ ಮಾಡುವುದೇ ಈ ದೋಷವೆಂಬುದು ಅವರ ವಿವರಣೆಯ ತಾತ್ಪರ್ಯ. ಅಳತೆಗೋಲು ಇಲ್ಲಿ ಸಾಕುವವನ ಕೈಯಲ್ಲಿಲ್ಲ, ಪ್ರಾಣಿಯ ಹೊಟ್ಟೆಯಲ್ಲಿದೆ. ‘ಕೊಟ್ಟೆನೇ, ಇಲ್ಲವೇ’ ಎಂಬ ಪ್ರಶ್ನೆಗಿಂತ ಮೊದಲು ‘ಅದು ಹಸಿದಿತ್ತೇ, ಬಾಯಾರಿತ್ತೇ’ ಎಂಬ ಪ್ರಶ್ನೆ ಏಳುತ್ತದೆ. ಹಾಗಾದರೆ ಹೊತ್ತು ಮೀರಿ ಕೊಟ್ಟ ಮೇವು, ಹೊಟ್ಟೆಗೊಗ್ಗದ ಮೇವು, ತಲುಪಲಾಗದ ಜಾಗದಲ್ಲಿ ಹಾಕಿದ ಮೇವು ಇವುಗಳ ಗತಿಯೇನು? ಕೊಟ್ಟವನ ಪುಸ್ತಕದಲ್ಲಿ ಅದು ಆಹಾರದಾನವಾಗಿ ಬರೆಯಲ್ಪಟ್ಟಿದ್ದರೂ ಪಡೆದ ಜೀವಕ್ಕೆ ಅದು ನಿರೋಧವೇ ಆಗಿರಬಹುದಲ್ಲವೇ?

ಈ ಪ್ರಶ್ನೆಯನ್ನು ಪರೀಕ್ಷಿಸಲು ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಿಗಿಂತ ತಕ್ಕ ನೆಲ ಸಿಗುವುದು ಕಷ್ಟ. ಚಿತ್ರದುರ್ಗ ಜಿಲ್ಲೆಯ ಈ ಪೂರ್ವಭಾಗದಲ್ಲಿ ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು. ಅದೂ ಬರುವ ವರ್ಷ ಬಂದಂತೆ. ರಾಜ್ಯದ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಇದೊಂದು. 2023ರಲ್ಲಿ ರಾಜ್ಯ ಸರಕಾರವು ಬರಪೀಡಿತವೆಂದು ಸಾರಿದ ತಾಲ್ಲೂಕುಗಳಲ್ಲಿ ಇವೆರಡೂ ಇದ್ದವು. ಇಲ್ಲಿನ ಮುಖ್ಯ ಬೆಳೆ ಶೇಂಗಾ. ಅದರಿಂದಲೇ ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ಬಂತು. ಹಲವು ಗಿರಣಿಗಳು ಮುಚ್ಚಿದ್ದರೂ ಹೆಸರು ಉಳಿದಿದೆ. ಇಲ್ಲಿನ ಕುರಿ, ಇಲ್ಲಿನ ಕಂಬಳಿ ದೂರದವರೆಗೆ ಹೆಸರಾದವು. ಮೊಳಕಾಲ್ಮುರಿನ ರೇಷ್ಮೆ ಸೀರೆಯೂ ಹೆಸರಾದದ್ದೇ. ಆದರೆ ರೇಷ್ಮೆಗೂ ಅಹಿಂಸೆಗೂ ಇರುವ ಜಗಳ ಬೇರೆಯೇ ಒಂದು ಲೇಖನದ ವಸ್ತು, ಇಲ್ಲಿ ಅದನ್ನು ಕೆದಕುವುದು ಬೇಡ. ಬರ ಬಂದ ವರ್ಷ ಇಲ್ಲಿ ಗೋಶಾಲೆಗಳು ತೆರೆಯುತ್ತವೆ; ಹತ್ತಿರದ ದೂರದ ಜೀವದಯಾಪರರಿಂದ ಮೇವು ಬರುತ್ತದೆ. ಇಂಥ ಕಡೆಗಳಿಗೆ ದ್ರವ್ಯ ಕಳಿಸುವ ಕುಟುಂಬಗಳೂ ಗೋಶಾಲೆಗಳನ್ನು ನಡೆಸುವ ಟ್ರಸ್ಟುಗಳೂ ತಿಳಿದಿರಬೇಕಾದ ವಿಷಯವು ಧರ್ಮಶಾಸ್ತ್ರದಲ್ಲಿ ಎಷ್ಟಿದೆಯೋ ಹಸುವಿನ ಹೊಟ್ಟೆಯಲ್ಲಿಯೂ ಅಷ್ಟೇ ಇದೆ.

ಹಸು, ಎಮ್ಮೆ, ಕುರಿ, ಮೇಕೆ ಇವೆಲ್ಲ ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಜಠರಕ್ಕೆ ನಾಲ್ಕು ಕೋಣೆಗಳು. ಮೊದಲ ಕೋಣೆಯು ದೊಡ್ಡ ಹಸುವಿನಲ್ಲಿ 100 ಲೀಟರಿಗೂ ಹೆಚ್ಚು ಹಿಡಿಯುವ ಒಂದು ಹುದುಗಿನ ತೊಟ್ಟಿ. ಅದರೊಳಗೆ ಎಣಿಕೆಗೆ ಸಿಗದ ಸೂಕ್ಷ್ಮಜೀವಿಗಳು ಒಣ ದಂಟು, ಹುಲ್ಲು, ಸೊಪ್ಪುಗಳ ನಾರನ್ನು ಒಡೆದು ಹಸುವಿಗೆ ಆಹಾರವಾಗಿಸುತ್ತವೆ. ಹಸು ದಿನಕ್ಕೆ ಆರೇಳು ಗಂಟೆಯಾದರೂ ಮೆಲುಕು ಹಾಕಬೇಕು. ಹಾಗೆ ಅಗಿಯುವಾಗ ಸುರಿಯುವ ಜೊಲ್ಲಿನಲ್ಲಿ ಅಡುಗೆ ಸೋಡದಂಥ ಕ್ಷಾರವಿದ್ದು, ತೊಟ್ಟಿಯಲ್ಲಿ ಹುಟ್ಟುವ ಹುಳಿಯನ್ನು ಅದು ತಣಿಸುತ್ತದೆ. ಮೇವು ನಿಯತವಾದ ಹೊತ್ತಿಗೆ, ನಿಯತವಾದ ಬಗೆಯಲ್ಲಿ ಬಂದರೆ ಈ ವ್ಯವಸ್ಥೆ ಗಡಿಯಾರದಂತೆ ನಡೆಯುತ್ತದೆ. ಮೇವಿನ ಬಗೆ ಬದಲಾದರೆ ಒಳಗಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಎರಡು ಮೂರು ವಾರಗಳು ಬೇಕು. ಆದ್ದರಿಂದಲೇ ಅನುಭವಿ ರೈತನು ಹೊಸ ಮೇವನ್ನು ಹಳೆಯ ಮೇವಿನೊಡನೆ ಬೆರೆಸಿ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾನೆ.

ಇನ್ನು ಗೋಶಾಲೆಯ ಹಬ್ಬದ ದಿನವನ್ನು ನೆನೆಯಬೇಕು. ಮಹಾವೀರ ಜಯಂತಿಯೋ, ಹಿರಿಯರ ಪುಣ್ಯದಿನವೋ, ಮಗುವಿನ ಹುಟ್ಟುಹಬ್ಬವೋ ಇರುತ್ತದೆ. ದಾನಿಗಳು ಮನೆಮಂದಿಯೊಡನೆ ಬರುತ್ತಾರೆ. ಅನ್ನ, ಬೆಲ್ಲ, ಹೋಳಿಗೆ, ರೊಟ್ಟಿ, ನೆನೆಸಿದ ಕಾಳು ಎಲ್ಲವೂ ಬರುತ್ತವೆ. ಭಾವಚಿತ್ರ ತೆಗೆಯಲು ಅನುಕೂಲವಾಗುವ ಹೊತ್ತು ಹನ್ನೊಂದು ಗಂಟೆಯಾದ್ದರಿಂದ ಬೆಳಗಿನ ಮೇವನ್ನು ಅಲ್ಲಿಯವರೆಗೆ ತಡೆದಿಡುವ ಪದ್ಧತಿಯೂ ಕೆಲವು ಕಡೆ ಇದೆ. ದಾನಿಗಳ ಎದುರಿಗೆ ದನಗಳು ಆತುರದಿಂದ ಮುನ್ನುಗ್ಗಿ ತಿನ್ನಲಿ ಎಂಬುದು ಅದರ ಉದ್ದೇಶ. ರಾತ್ರಿಯಿಂದ ಬರಿದಾಗಿದ್ದ ಹೊಟ್ಟೆಗೆ ಬೆಂದ ಅನ್ನವೂ ಬೆಲ್ಲವೂ ಒಮ್ಮೆಲೇ ಬಿದ್ದಾಗ ಸೂಕ್ಷ್ಮಜೀವಿಗಳಲ್ಲಿ ಹುಳಿ ಹುಟ್ಟಿಸುವ ಬಗೆಯವು ಮೇಲುಗೈ ಪಡೆಯುತ್ತವೆ. ಮೃದುವಾದ ಅನ್ನಕ್ಕೆ ಮೆಲುಕು ಬೇಕಿಲ್ಲ, ಮೆಲುಕಿಲ್ಲದಿದ್ದರೆ ಜೊಲ್ಲಿಲ್ಲ, ಜೊಲ್ಲಿಲ್ಲದಿದ್ದರೆ ಹುಳಿಯನ್ನು ತಣಿಸುವುದೇನೂ ಇಲ್ಲ. ಹುಳಿ ರಕ್ತಕ್ಕೇರುತ್ತದೆ. ಹಸು ಮೇವು ಬಿಡುತ್ತದೆ, ಹಲ್ಲು ಕಡಿಯುತ್ತದೆ, ನೀರಾಗಿ ಸಗಣಿ ಹಾಕುತ್ತದೆ, ಮಲಗಿದಲ್ಲಿಂದ ಏಳುವುದಿಲ್ಲ. ಹೆಚ್ಚು ತಿಂದದ್ದು ಒಂದೆರಡು ದಿನದಲ್ಲಿ ಸಾಯುತ್ತದೆ. ಬದುಕಿದ್ದಕ್ಕೆ ಗೊರಸಿನೊಳಗೆ ಉರಿಯೂತವಾಗಿ ತಿಂಗಳುಗಟ್ಟಲೆ ಕುಂಟು ಉಳಿಯುತ್ತದೆ. ಮದುವೆ ಮನೆಯ ಉಳಿಕೆಯನ್ನು ತಿಂದು ದನ ಸತ್ತ ಸುದ್ದಿಯನ್ನು ಕೇಳದ ಪಶುವೈದ್ಯರು ಇರಲಾರರು. ದಾನಿಗಳು ಅಷ್ಟು ಹೊತ್ತಿಗೆ ಊರಿಗೆ ಮರಳಿರುತ್ತಾರೆ. ಅವರಿಗೆ ನೆನಪಿರುವುದು ಹಸುವಿನ ಆತುರ ಮಾತ್ರ. ಆ ಆತುರವು ಅಂದಿನ ಬೆಳಗಿನ ನಿರೋಧದ ಫಲವೆಂಬುದು ಅವರಿಗೆ ತಿಳಿಯುವುದಿಲ್ಲ.

ಇಲ್ಲಿ ಆಕ್ಷೇಪವೊಂದು ಬರುವುದು ಸಹಜ. ಜೈನಧರ್ಮದಲ್ಲಿ ಭಾವಕ್ಕೆ ಪ್ರಾಧಾನ್ಯವಲ್ಲವೇ? ಕರುಣೆಯಿಂದ ಹೋಳಿಗೆ ಕೊಟ್ಟ ಅಜ್ಜಿಗೆ ಹಿಂಸೆಯ ಬಂಧ ಹೇಗೆ ತಗಲೀತು? ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಅಜ್ಜಿಯ ಭಾವವು ಶುದ್ಧವಾಗಿದ್ದರೆ ಅವರ ಪುಣ್ಯವನ್ನು ಯಾರೂ ಕಸಿಯಲಾರರು. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನು ಹೆಸರಿಸಲಿಲ್ಲ, ಪ್ರಮಾದವನ್ನು ಹೆಸರಿಸಿತು. ಎಚ್ಚರ ತಪ್ಪಿದ ಮನೋವಾಕ್ಕಾಯಗಳಿಂದ ಪ್ರಾಣಕ್ಕೆ ಹಾನಿಯಾಗುವುದೇ ಹಿಂಸೆ. ಅಜ್ಜಿಗೆ ಗೊತ್ತಿಲ್ಲದಿರಬಹುದು. ಗೋಶಾಲೆಯ ಕಾರ್ಯದರ್ಶಿಗೆ ಗೊತ್ತಿದೆ, ಅಥವಾ ಗೊತ್ತಿರಬೇಕು. ಕಳೆದ ವರ್ಷದ ಹಬ್ಬದ ಮರುದಿನ ಏನಾಯಿತೆಂಬುದು ಕೊಟ್ಟಿಗೆಯ ಆಳಿಗೆ ಖಂಡಿತ ಗೊತ್ತಿದೆ. ಗೊತ್ತಿದ್ದೂ ದಾನಿಯ ಮನಸ್ಸು ನೋಯಬಾರದೆಂದು ಸುಮ್ಮನಿರುವುದು ದಾಕ್ಷಿಣ್ಯವೆನಿಸಬಹುದು; ಅಪ್ರಮಾದವಂತೂ ಅಲ್ಲ. ಹೋಳಿಗೆಯನ್ನು ಸ್ವೀಕರಿಸಿ, ಒಂದೊಂದು ದನಕ್ಕೆ ಒಂದೊಂದು ತುಣುಕಿನಂತೆ ದಾನಿಯ ಕೈಯಿಂದಲೇ ಕೊಡಿಸಿ, ಉಳಿದದ್ದನ್ನು ಆಳುಗಳ ಮನೆಗೆ ಕಳಿಸಿದರೆ ಯಾರ ಮನಸ್ಸೂ ನೋಯಬೇಕಾಗಿಲ್ಲ. ಅದಕ್ಕೆ ಮೊದಲು ಬೆಳಗಿನ ಒಣ ಮೇವು ಎಂದಿನ ಹೊತ್ತಿಗೇ ಬಿದ್ದಿರಬೇಕು. ಹೊಟ್ಟೆ ತುಂಬಿದ ಹಸು ದಾನಿಯ ಕಡೆಗೆ ನುಗ್ಗಿ ಬರದೆ ಮಲಗಿ ಮೆಲುಕು ಹಾಕುತ್ತಿದ್ದರೆ ಭಾವಚಿತ್ರ ಅಷ್ಟು ಚೆನ್ನಾಗಿ ಬಾರದು, ಅಷ್ಟೆ.

ಹೊತ್ತಿನ ಮಾತು ಬಂದಾಗ ಜೈನರಲ್ಲಿ ಮಾತ್ರ ಏಳಬಹುದಾದ ಇನ್ನೊಂದು ಸಂದೇಹವಿದೆ. ಬಿಸಿಲ ನಾಡಿನಲ್ಲಿ ದನವು ನಡುಹಗಲಿನಲ್ಲಿ ಸರಿಯಾಗಿ ತಿನ್ನುವುದಿಲ್ಲ. ತಿಂದ ಮೇವು ಹುದುಗುವಾಗ ಹೊಟ್ಟೆಯೊಳಗೇ ಶಾಖ ಹುಟ್ಟುತ್ತದೆ. ತಿಂದ ಕೆಲವು ಗಂಟೆಗಳ ಅನಂತರ ಆ ಶಾಖವು ಏರುವುದರಿಂದ, ಬೆಳಗಿನ ಒಂಬತ್ತು ಹತ್ತಕ್ಕೆ ಹೊಟ್ಟೆ ತುಂಬ ತಿನ್ನಿಸಿದರೆ ಒಳಗಿನ ಬಿಸಿಯೂ ಹೊರಗಿನ ಬಿಸಿಲೂ ಮಧ್ಯಾಹ್ನ ಒಂದಾಗುತ್ತವೆ. ಆದ್ದರಿಂದ ಮಾರ್ಚಿಯಿಂದ ಮೇ ವರೆಗೆ ದಿನದ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಂಜೆಯ ತಂಪಿನಲ್ಲಿ ಕೊಡಬೇಕೆಂದು ಪಶುವೈದ್ಯರು ಹೇಳುತ್ತಾರೆ. ಮೇಯಲು ಬಿಟ್ಟ ದನವೂ ಬೇಸಿಗೆಯಲ್ಲಿ ನಸುಕಿನಲ್ಲಿಯೂ ಇಳಿಹೊತ್ತಿನಲ್ಲಿಯೂ ಮೇದು ನಡುಹಗಲು ನೆರಳು ಹುಡುಕುತ್ತದೆ. ಆದರೆ ರಾತ್ರಿಭೋಜನತ್ಯಾಗವನ್ನು ಪಾಲಿಸುವವರು ನಡೆಸುವ ಗೋಶಾಲೆಯಲ್ಲಿ ಸೂರ್ಯಾಸ್ತದ ಅನಂತರ ಪ್ರಾಣಿಗೆ ತಿನ್ನಿಸುವುದು ಸರಿಯೇ?

ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವಗಳೂ ದೇಶವ್ರತವನ್ನು ಹೊಂದಬಲ್ಲವೆಂದು ಸಿದ್ಧಾಂತವೇ ಒಪ್ಪುವುದರಿಂದ, ‘ಪಶುವಿಗೆಲ್ಲಿಯ ವ್ರತ’ ಎಂದು ನಗುವಂತಿಲ್ಲ. ಆದರೆ ತಾನಾಗಿ ಅರಿತು ಬಿಟ್ಟದ್ದು ತ್ಯಾಗ. ಗೋದಲಿಯನ್ನು ಬರಿದಾಗಿಸಿ ಮಾಡಿಸಿದ್ದು ನಿರೋಧ. ಇವೆರಡರ ನಡುವಣ ಗೆರೆಯನ್ನು ಅಳಿಸಿದರೆ ವ್ರತವೆಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ದೀಪದ ಬೆಳಕಿಗೆ ಬರುವ ಹುಳುಗಳು ಸಾಯುತ್ತವೆಂಬ ಆತಂಕವು ಮಾತ್ರ ನಿಜವಾದದ್ದು. ಅದಕ್ಕೆ ಪರಿಹಾರವು ಸುಲಭ. ಸೂರ್ಯ ಮುಳುಗುವ ಮುನ್ನವೇ, ಬೆಳಕಿರುವಾಗಲೇ, ಮೇವನ್ನು ಕೊಡವಿ ನೋಡಿ, ರಾತ್ರಿಗೆ ಸಾಕಾಗುವಷ್ಟನ್ನು ಗೋದಲಿಯಲ್ಲಿ ತುಂಬಿಡಬೇಕು. ತೊಟ್ಟಿಗೆ ನೀರು ಸೋಸಿ ತುಂಬಬೇಕು. ಬಳಿಕ ದೀಪವೂ ಬೇಡ, ಆಳೂ ಬೇಡ. ಹಸು ತನ್ನ ಹೊತ್ತಿಗೆ ತಾನು ತಿನ್ನುತ್ತದೆ. ನಾಯಿಗೋ ಬೆಕ್ಕಿಗೋ ಈ ಉಪಾಯ ಒಪ್ಪದಿರಬಹುದು. ಒಣ ಮೇವು ತಿನ್ನುವ ಪ್ರಾಣಿಗೆ ಒಪ್ಪುತ್ತದೆ. ನೀರಿನ ವಿಷಯದಲ್ಲಂತೂ ಹೊತ್ತಿನ ಕಟ್ಟು ಇರಲೇಬಾರದು. ಬೇಸಿಗೆಯಲ್ಲಿ ದೊಡ್ಡ ದನವೊಂದು ದಿನಕ್ಕೆ 40ರಿಂದ 60 ಲೀಟರ್ ನೀರು ಕುಡಿಯುತ್ತದೆ. ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಕೊಡದಿಂದ ಹೊಯ್ದು ಮುಗಿಸುವ ಕಡೆ ನಡುಹಗಲಿನ ನಾಲಗೆ ಒಣಗಿಯೇ ಇರುತ್ತದೆ, ಮತ್ತು ನೀರಿಲ್ಲದ ದನ ಮೇವನ್ನೂ ಬಿಡುತ್ತದೆ.

ಕೊಟ್ಟಿಗೆಯ ವಿಷಯಕ್ಕೆ ಬಂದರೆ, ಅದು ಬಂಧವೆಂಬ ಮೊದಲ ಅತಿಚಾರಕ್ಕೆ ಸೇರಿದ್ದು. ಬಯಸಿದ ಕಡೆಗೆ ಹೋಗಲು ಅಡ್ಡಿಯಾಗುವುದೆಲ್ಲ ಬಂಧವೆಂಬ ಭಾವದಲ್ಲಿ ಪೂಜ್ಯಪಾದರು ಅದನ್ನು ವಿವರಿಸುತ್ತಾರೆ, ಹಗ್ಗವೇ ಇರಬೇಕೆಂದಿಲ್ಲ. ಆವಶ್ಯಕ ಪರಂಪರೆಯ ವ್ಯಾಖ್ಯಾನಕಾರರು ಇನ್ನಷ್ಟು ಸೂಕ್ಷ್ಮಕ್ಕೆ ಇಳಿದಿದ್ದಾರೆ. ಕಟ್ಟದೆ ಸಾಧ್ಯವಿಲ್ಲದಿದ್ದರೆ ಸಡಿಲವಾಗಿ ಕಟ್ಟಬೇಕು, ಬೆಂಕಿ ಬಿದ್ದಾಗ ಥಟ್ಟನೆ ಬಿಡಿಸಿಕೊಳ್ಳುವಂತಿರಬೇಕು ಎಂದು ಅವರು ಹೇಳಿದ್ದನ್ನು ಓದಿದಾಗ, ಅವರು ಕೊಟ್ಟಿಗೆಯನ್ನು ಕಣ್ಣಾರೆ ನೋಡಿಯೇ ಬರೆದರೆಂಬುದು ಮನವರಿಕೆಯಾಗುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕೇಂದ್ರ ಕಾಯ್ದೆಯ 11ನೆಯ ಪ್ರಕರಣವು ತೀರ ಗಿಡ್ಡನೆಯ ಅಥವಾ ತೀರ ಭಾರದ ಸರಪಳಿಯಲ್ಲಿ ಬಹು ಹೊತ್ತು ಕಟ್ಟುವುದನ್ನೂ, ಒಡೆಯನು ಸಾಕಷ್ಟು ಆಹಾರ, ನೀರು, ಆಸರೆಗಳನ್ನು ಒದಗಿಸದಿರುವುದನ್ನೂ ಅಪರಾಧವೆಂದಿದೆ. ಇಂಗ್ಲೆಂಡಿನಲ್ಲಿ ರೂತ್ ಹ್ಯಾರಿಸನ್ ಎಂಬ ಮಹಿಳೆ 1964ರಲ್ಲಿ ಬರೆದ ಪುಸ್ತಕದಿಂದ ಎಚ್ಚೆತ್ತ ಸರಕಾರವು ಬ್ರ್ಯಾಂಬೆಲ್ ಸಮಿತಿಯನ್ನು ನೇಮಿಸಿತು. ಸಾಕುಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗವಿರಬೇಕೆಂದು ಆ ಸಮಿತಿಯು 1965ರಲ್ಲಿ ಹೇಳಿತು. ಅದರಿಂದ ಬೆಳೆದ ಐದು ಸ್ವಾತಂತ್ರ್ಯಗಳ ತತ್ತ್ವವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಉಲ್ಲೇಖಿಸಿತು. ಐದು ಅತಿಚಾರಗಳನ್ನು ಬಾಲ್ಯದಿಂದ ಕೇಳಿ ಬಂದ ಸಮಾಜಕ್ಕೆ ಇದರಲ್ಲಿ ಹೊಸದು ಕಡಿಮೆ. ನಾಚಿಕೆಪಡಲು ಕಾರಣ ಸ್ವಲ್ಪ ಹೆಚ್ಚು.

ಭಾರತೀಯ ಮಾನಕ ಸಂಸ್ಥೆಯ ಶಿಫಾರಸಿನಂತೆ ಒಂದು ಹಸುವಿಗೆ 3.5 ಚದರ ಮೀಟರ್ ಚಾವಣಿಯ ಜಾಗವೂ 7 ಚದರ ಮೀಟರ್ ಬಯಲೂ ಬೇಕು. ಹಲವು ಗೋಶಾಲೆಗಳಲ್ಲಿ ಮೊದಲ ಸಂಖ್ಯೆಯೇ ಸಿಗುವುದಿಲ್ಲ. ಎರಡನೆಯದನ್ನು ಯಾರೂ ಕೇಳುವುದಿಲ್ಲ. ದಾನಿಯ ಹೆಸರಿನ ಕಲ್ಲು ನೆಡಲು ಕಟ್ಟಡ ಬೇಕು. ಬಯಲಿಗೆ ಹೆಸರಿನ ಕಲ್ಲು ಒಪ್ಪುವುದಿಲ್ಲ. ತಗ್ಗಾದ ತಗಡಿನ ಚಾವಣಿ ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಕಾದ ಹಂಚಿನಂತಾಗುತ್ತದೆ. ಅದರ ಮೇಲೆ ಜೋಳದ ದಂಟನ್ನೋ ತೆಂಗಿನ ಗರಿಯನ್ನೋ ಹೊದಿಸಿದರೆ, ಸುಣ್ಣ ಬಳಿದರೆ ಕೆಳಗಿನ ಧಗೆ ಇಳಿಯುತ್ತದೆ. ಕೊಟ್ಟಿಗೆಯ ಉದ್ದವು ಪೂರ್ವ ಪಶ್ಚಿಮವಾಗಿದ್ದರೆ ಬೇಸಿಗೆಯ ಬಿಸಿಲು ಒಳಗೆ ಕಡಿಮೆ ಬೀಳುತ್ತದೆ. ಗಂಜಲ ನಿಂತ ನೆಲದಿಂದೇಳುವ ಅಮೋನಿಯವು, ನಿಂತು ನೋಡುವ ಮನುಷ್ಯನಿಗೆ ವಾಸನೆ ಮಾತ್ರ. ಮಲಗಿದ ಪ್ರಾಣಿಯ ಮೂಗು ನೆಲಕ್ಕೆ ಹತ್ತಿರವಿರುವುದರಿಂದ ಅದರ ಕಣ್ಣನ್ನೂ ಶ್ವಾಸಕೋಶವನ್ನೂ ಅದು ಸುಡುತ್ತದೆ. ಒದ್ದೆಯಾದ ಬರಿಯ ಕಾಂಕ್ರೀಟಿನ ಮೇಲೆ ಮುದಿ ಎತ್ತನ್ನು ಮಲಗಿಸಿದರೆ ಮಂಡಿ, ಸೊಂಟದ ಮೂಳೆಗಳ ಮೇಲಿನ ತೊಗಲು ಕಿತ್ತು ಹುಣ್ಣಾಗುತ್ತದೆ. ಹುಣ್ಣಿಗೆ ನೊಣ, ನೊಣದಿಂದ ಹುಳು. 2022ರಲ್ಲಿ ಚರ್ಮಗಂಟು ರೋಗವು ರಾಜ್ಯದ ದನಗಳನ್ನು ಕಾಡಿದಾಗ, ಕಚ್ಚುವ ನೊಣ ಸೊಳ್ಳೆಗಳ ಮೂಲಕ ಅದು ಹರಡುವುದೆಂದು ತಿಳಿದ ಮೇಲಾದರೂ ಒತ್ತೊತ್ತಾಗಿ ಕಟ್ಟಿದ ಒದ್ದೆ ಕೊಟ್ಟಿಗೆಯ ಅಪಾಯವು ಎಲ್ಲರಿಗೂ ಅರಿವಾಗಬೇಕಿತ್ತು.

ಈ ಸೀಮೆಯ ಪಶುಪಾಲಕರಿಗೆ ಇವೆಲ್ಲ ಪುಸ್ತಕದಿಂದ ಬಂದ ತಿಳಿವಲ್ಲ. ಕುರಿಗಾಹಿಯು ಮಳೆಗಾಲದಲ್ಲಿ ಇಬ್ಬನಿ ಆರುವವರೆಗೆ ಮಂದೆಯನ್ನು ಬಿಡುವುದಿಲ್ಲ. ನೆಂದ ಹುಲ್ಲಿನ ತುದಿಗೆ ಹೊಟ್ಟೆಹುಳುವಿನ ಮರಿಗಳು ತೇವದ ಜೊತೆ ಏರಿರುತ್ತವೆಂದು ವಿಜ್ಞಾನವು ಹೇಳುವುದಕ್ಕೆ ಮೊದಲೇ ಅವನಿಗೆ ಆ ಹೊತ್ತಿನ ಕೇಡು ಗೊತ್ತಿತ್ತು. ಬೇಸಿಗೆ ಕಳೆದು ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನು ಹೊಟ್ಟೆ ಬಿರಿಯ ಮೇದ ಕುರಿ, ಅದೂ ಮಂದೆಯಲ್ಲಿ ಪುಷ್ಟವಾದದ್ದೇ, ಕರುಳುಬೇನೆಯಿಂದ ರಾತ್ರಿ ಬೆಳಗಾಗುವುದರೊಳಗೆ ಸಾಯುವುದುಂಟು. ಅದಕ್ಕೇ ಮುಂಗಾರಿಗೆ ಮುನ್ನ ಲಸಿಕೆ ಹಾಕಿಸುವುದು. ಮ್ಯಾಸ ನಾಯಕರು ಸಾಕುವ ದೇವರ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳನ್ನು ಕಾಯುವ ಕಿಲಾರಿಯ ಬದುಕು ಆ ಹಿಂಡಿನೊಡನೆಯೇ. ಹಗಲು ಬಯಲಿನಲ್ಲಿ ಮೇವು, ರಾತ್ರಿ ಮುಳ್ಳುಬೇಲಿಯ ರೊಪ್ಪ. ಮೈಸೂರು ಅರಸರ ಅಮೃತಮಹಲ್ ದನಗಳ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಬೇರ್ಪಡಿಸಿ, ಋತುವಿಗೆ ತಕ್ಕಂತೆ ಹಿಂಡುಗಳನ್ನು ಸಾಗಿಸುತ್ತಿದ್ದರು. ಅಂಥ ಕಾವಲಿನ ಸಾವಿರಾರು ಎಕರೆಗಳು ಚಳ್ಳಕೆರೆ ತಾಲ್ಲೂಕಿನಲ್ಲಿದ್ದವು. ಈ ಶತಮಾನದ ಮೊದಲ ದಶಕದ ಕೊನೆಗೆ ಅವು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಹಂಚಿಹೋದವು. ಆ ಸಂಸ್ಥೆಗಳು ದೇಶಕ್ಕೆ ಬೇಕಾದವೇ. ಆದರೆ ಕಾವಲು ಹೋದ ಮೇಲೆ ಮೇಯುವ ಪ್ರಾಣಿಯು ಕಟ್ಟುವ ಪ್ರಾಣಿಯಾಗುತ್ತದೆ. ತನ್ನ ಹೊತ್ತನ್ನು ತಾನೇ ನೋಡಿಕೊಳ್ಳುತ್ತಿದ್ದ ಜೀವವು ಮನುಷ್ಯನ ಹೊತ್ತಿಗೆ ಕಾಯಬೇಕಾಗುತ್ತದೆ. ಹೊಣೆಯೂ ಅಷ್ಟರಮಟ್ಟಿಗೆ ಕೈ ಬದಲಾಗುತ್ತದೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಸತ್ಯವಚನ ಇವುಗಳ ಜೊತೆಗೆ ಜೀವಿಗಳ ಬಗೆಗಿನ ಆದರವನ್ನೂ ಆ ಶಾಸನವು ಹೇಳುತ್ತದೆ. ಅಲ್ಲಿ ಆದರವನ್ನು ತೋರಿಸಬೇಕೆಂಬುದಕ್ಕಿಂತ ಅದನ್ನು ದೃಢಗೊಳಿಸಬೇಕೆಂಬ ಭಾವವಿರುವುದು ವಿದ್ವಾಂಸರು ಗಮನಿಸಿರುವ ಸಂಗತಿ. ಹಬ್ಬದ ದಿನ ಉಕ್ಕಿ ಮರುದಿನ ಇಳಿಯುವ ದಯೆಗೆ ಆ ವಿಶೇಷಣವು ಸಲ್ಲದು.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಗೋಶಾಲೆಯ ಬಾಗಿಲಿನಲ್ಲಿದೆ. ನೂರು ದನಗಳಿಗೆ ಮೇವಿರುವ ಕಡೆ ನೂರೈವತ್ತನೆಯದು ಬಂದು ನಿಂತಾಗ ಏನು ಮಾಡಬೇಕು? ಒಳಗೆ ಬಿಡದಿದ್ದರೆ ಅದು ಸಂತೆಯ ದಾರಿ ಹಿಡಿಯುತ್ತದೆ, ಅಲ್ಲಿಂದ ಎಲ್ಲಿಗೆಂದು ಹೇಳಬೇಕಾಗಿಲ್ಲ. ಬಿಟ್ಟರೆ ಉಳಿದವುಗಳ ಪಾಲು ಕಡಿಮೆಯಾಗುತ್ತದೆ. ಅಭಯದಾನವು ನಾಲ್ಕು ದಾನಗಳಲ್ಲಿ ಶ್ರೇಷ್ಠವೆಂದು ನಂಬಿದವರು ಕಣ್ಣು ಮುಚ್ಚಿ ಒಳಗೆ ಬಿಡುತ್ತಾರೆ, ಮತ್ತು ಪುಸ್ತಕದಲ್ಲಿ ಸಂಖ್ಯೆ ಏರುವುದನ್ನು ಕಂಡು ದಾನಿಗಳೂ ಸಂತೋಷಪಡುತ್ತಾರೆ. ಆದರೆ ಪುಸ್ತಕದ ಸರಾಸರಿಯಷ್ಟು ಮೋಸದ ವಸ್ತು ಬೇರೊಂದಿಲ್ಲವೆಂದು ವ್ಯಾಪಾರಿ ಸಮಾಜಕ್ಕೆ ಹೇಳಿಕೊಡಬೇಕಾಗಿಲ್ಲ. ನೂರು ದನಗಳಿಗೆ ದಿನಕ್ಕೆ 600 ಕಿಲೋ ಒಣ ಮೇವು ಬಿದ್ದರೆ ತಲಾ ಆರು ಕಿಲೋ ಎಂದು ಬರೆಯಲಾಗುತ್ತದೆ. 300 ಕಿಲೋ ತೂಗುವ ದನಕ್ಕೆ ಅದು ಹೆಚ್ಚುಕಡಿಮೆ ಸರಿಯಾದ ಅಳತೆ. ಬಲವಾದ ಮೂವತ್ತು ದನಗಳು ಕೊಂಬಿನಿಂದ ಇರಿದು ಒಂಬತ್ತು ಒಂಬತ್ತು ಕಿಲೋ ತಿಂದರೆ ಉಳಿದ ಎಪ್ಪತ್ತಕ್ಕೆ ತಲಾ ಐದು ಕಿಲೋ ಸಹ ಉಳಿಯುವುದಿಲ್ಲ. ಆ ಎಪ್ಪತ್ತರಲ್ಲಿ ಕುರುಡು ಹಸುವಿನದು, ಹಲ್ಲು ಸವೆದ ಎತ್ತಿನದು, ಕುಂಟು ಕರುವಿನದು ಎಷ್ಟೆಂಬುದನ್ನು ಯಾವ ಲೆಕ್ಕಪರಿಶೋಧಕರೂ ಕೇಳುವುದಿಲ್ಲ. ಹಲ್ಲು ಸವೆದದ್ದಕ್ಕೆ ಉದ್ದನೆಯ ಜೋಳದ ದಂಟು ಎದುರಿಗಿದ್ದೂ ಇಲ್ಲದಂತೆಯೇ. ಕತ್ತರಿಸಿ ನೆನೆಸಿ ಕೊಟ್ಟರೆ ಮಾತ್ರ ಅದು ಆಹಾರ. ದುರ್ಬಲವಾದವುಗಳಿಗೆ ಬೇರೆ ಅಂಕಣ, ಬೇರೆ ಗೋದಲಿ ಇಲ್ಲದ ಗೋಶಾಲೆಯು ಸಂಖ್ಯೆಯನ್ನು ಏರಿಸುವುದು ಕತ್ತಿಯ ಭಯ ಬಿಡಿಸಿ ಹಸಿವಿನ ಭಯಕ್ಕೆ ಒಪ್ಪಿಸಿದಂತೆ. ಮೇವಿರುವಷ್ಟನ್ನೇ ಒಳಗೆ ಬಿಡಬೇಕೆಂಬುದೇ ಇಲ್ಲಿನ ಅಭಿಪ್ರಾಯ. ಇದನ್ನು ಒಪ್ಪದ ಪೂಜ್ಯರೂ ಇದ್ದಾರೆ, ಅವರ ಕಳವಳವು ಗೌರವಕ್ಕೆ ಅರ್ಹವಾದದ್ದು. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ನೂರೈವತ್ತನೆಯ ದನವನ್ನು ಅದರ ರೈತನ ಕೊಟ್ಟಿಗೆಯಲ್ಲೇ ಉಳಿಸಿ, ಬರ ಕಳೆಯುವವರೆಗೆ ಅದರ ಮೇವಿನ ಖರ್ಚನ್ನು ಟ್ರಸ್ಟು ವಹಿಸಿಕೊಳ್ಳುವುದು ಹಲವು ಸಲ ಸಾಧ್ಯ. ಅದಕ್ಕೆ ಕಟ್ಟಡವೂ ಬೇಡ, ಆಳೂ ಬೇಡ. ಪ್ರಾಣಿಗೆ ತನ್ನ ಮನೆಯ ಹೊತ್ತೂ ತಪ್ಪುವುದಿಲ್ಲ.

ಇನ್ನು ಉಳಿದದ್ದು ದ್ರವ್ಯದ ಹೊತ್ತು. ದಾನದ ದ್ರವ್ಯವು ಹೆಚ್ಚಾಗಿ ಬರುವುದು ಚೈತ್ರದಲ್ಲಿ, ಮಹಾವೀರ ಜಯಂತಿಯ ಆಸುಪಾಸಿನಲ್ಲಿ. ಆ ಹೊತ್ತಿಗೆ ಈ ಸೀಮೆಯಲ್ಲಿ ಮೇವು ಮುಗಿದಿರುತ್ತದೆ, ಇದ್ದದ್ದರ ಬೆಲೆ ಏರಿರುತ್ತದೆ. ಶೇಂಗಾ ಕೀಳುವುದು ಅಕ್ಟೋಬರ್ ನವೆಂಬರಿನಲ್ಲಿ. ಕಾಯಿ ಬಿಡಿಸಿದ ಬಳ್ಳಿ ಆಗ ಹೊಲದಲ್ಲೇ ಅಗ್ಗವಾಗಿ ಸಿಗುತ್ತದೆ. ದೀಪಾವಳಿಯ ಅಮಾವಾಸ್ಯೆ, ಅಂದರೆ ಭಗವಾನ್ ಮಹಾವೀರರ ನಿರ್ವಾಣದ ದಿನ, ಅದೇ ಕಾಲಕ್ಕೆ ಬೀಳುತ್ತದೆ. ಹಲವು ಅಂಗಡಿಗಳಲ್ಲಿ ಹೊಸ ಲೆಕ್ಕದ ಪುಸ್ತಕದ ಪೂಜೆಯೂ ಅಂದೇ. ಅಂದಿನ ದಾನವನ್ನು ಮೇವಿನ ಖರೀದಿಗೆ ಮೀಸಲಿಟ್ಟರೆ ಅದೇ ಹಣಕ್ಕೆ ಹೆಚ್ಚು ದಿನಗಳ ಮೇವು ಬರುತ್ತದೆ. ಕೊಂಡ ಬಳ್ಳಿ ಚೆನ್ನಾಗಿ ಒಣಗಿರಬೇಕು. ಕಲ್ಲಿನ ಅಥವಾ ಮರದ ಅಟ್ಟಣೆಯ ಮೇಲೆ, ತಳಕ್ಕೆ ಗಾಳಿಯಾಡುವಂತೆ ಬಣವೆ ಒಟ್ಟಬೇಕು. ಒದ್ದೆಯಾದ ಶೇಂಗಾ ಬಳ್ಳಿಗೂ ಹಿಂಡಿಗೂ ಹಿಡಿಯುವ ಬೂಸ್ಟು ಯಕೃತ್ತನ್ನು ಕೆಡಿಸುವ ವಿಷವನ್ನುಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣವು ಶೇಂಗಾ ಹಿಂಡಿಯಲ್ಲಿ ಸಿಕ್ಕಿತು, ಅಫ್ಲಟಾಕ್ಸಿನ್ ಎಂಬ ಹೆಸರು ಬಂದದ್ದು ಆಗಲೇ. ಹಸು ತಿಂದರೆ ಅದರ ಅಂಶ ಹಾಲಿಗೂ ಇಳಿಯುತ್ತದೆ. ಆದ್ದರಿಂದ ಗಿರಣಿಯಲ್ಲಿ ಉಳಿದ, ಮಾರಾಟವಾಗದ ಹಳೆಯ ಹಿಂಡಿಯನ್ನು ಗೋಶಾಲೆಗೆ ಕಳಿಸುವ ರೂಢಿ ನಿಲ್ಲಬೇಕು, ಕಪ್ಪಾದ ಬಳ್ಳಿ ಗೊಬ್ಬರದ ಗುಂಡಿಗೆ ಹೋಗಬೇಕು. ಬಣವೆಯಲ್ಲಿ ಎಷ್ಟು ಉಳಿದಿದೆಯೆಂದು ತಿಂಗಳಿಗೊಮ್ಮೆ ಅಂದಾಜು ಮಾಡಿ, ಮುಂಗಾರಿನವರೆಗೆ ಸಾಲದೆಂದು ಕಂಡರೆ ಜನವರಿಯಲ್ಲೇ ದಾನಿಗಳಿಗೆ ತಿಳಿಸಬಹುದು. ಆಗ ಹಳ್ಳಿಗಳ ಕಣಗಳಲ್ಲಿ ಕೊಳ್ಳಲು ಇನ್ನೂ ಬಳ್ಳಿ ಉಳಿದಿರುತ್ತದೆ.